ಮುಚ್ಚಳ ತೆಗೆಯದ ಏಳು ಬ್ಯುರೆಟ್‌ಗಳು

ಹೇಳಿಕೆ ಕೊಟ್ಟವರು: ಪ್ರಯೋಗಾಲಯದ ಅಟೆಂಡರ್, ವಿಭಾಗದಲ್ಲಿ ಎಲ್ಲರೂ ‘ಗಾಜಮ್ಮ’ ಎಂದು ಕರೆಯುವವರು. ವಯಸ್ಸು: 47 ವರ್ಷ. ಕೆಲಸ: ಸರ್ಕಾರಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಗಾಜಿನ ಸಾಮಾನು ಕೊಡುವುದು, ವಾಪಸ್ ಪಡೆಯುವುದು, ತೊಳೆಯುವುದು. ವಾಸ: ನೌಕರರ ವಸತಿಗೃಹ, ಎರಡನೇ ಸಾಲು, ಮನೆ ನಂಬರ್ 9.

ಈ ದಿನ ಬೆಳಿಗ್ಗೆ 11.15ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನನ್ನ ಮಗಳು ಅದೇ ವಿಭಾಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಮನೆಯಲ್ಲಿ ನಾವಿಬ್ಬರೇ.

ಇದೇ ತಿಂಗಳ 5ರಂದು ಮಂಗಳವಾರ ಅವಳ ತರಗತಿಗೆ ಪ್ರಾಯೋಗಿಕ ಪರೀಕ್ಷೆ ಇತ್ತು. ಹಿಂದಿನ ಸಂಜೆ ನಾನು 32 ವಿದ್ಯಾರ್ಥಿಗಳಿಗೆ 32 ಬ್ಯುರೆಟ್ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿದೆ. ಬ್ಯುರೆಟ್ ಎಂದರೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಉದ್ದನೆಯ ಗಾಜಿನ ಕೊಳವೆ. ಧೂಳು ಕೂರಬಾರದೆಂದು ಒಂದೊಂದಕ್ಕೂ ವಿದ್ಯಾರ್ಥಿಯ ನಂಬರ್ ಬರೆದ ಕಾಗದದ ಮುಚ್ಚಳ ಹಾಕಿದೆ. ಇದು ನಾನೇ ಮಾಡಿಕೊಂಡ ಪದ್ಧತಿ. ಮುಚ್ಚಳದ ಮೇಲಿಂದಲೇ ದ್ರಾವಣ ತುಂಬಿಸುವ ಬುದ್ಧಿವಂತರಿದ್ದರೆ ನನಗೆ ತಿಳಿಯದು.

ಪರೀಕ್ಷೆಯ ದಿನ ಮಗಳಿಗೆ 103 ಡಿಗ್ರಿ ಜ್ವರ. ಎದ್ದು ನಿಲ್ಲಲು ಆಗಲಿಲ್ಲ. ಮಾತ್ರೆ ಕೊಟ್ಟು, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ, 8.20ಕ್ಕೆ ಹೊರಟು 600 ಮೀಟರ್ ನಡೆದು 8.30ಕ್ಕೆ ವಿಭಾಗ ತಲುಪಿದೆ. ಅವಳು ಇನ್ನೊಂದು ದಿನ ಪರೀಕ್ಷೆ ಬರೆಯಬಹುದೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ನೋಡೋಣ ಎಂದರು. ಇಷ್ಟು ಬಿಟ್ಟು ನಾನು ಅವರನ್ನು ಬೇರೇನೂ ಕೇಳಿಲ್ಲ.

ಪರೀಕ್ಷೆ 9.30ರಿಂದ 1.30ರವರೆಗೆ ನಡೆಯಿತು. ನಾನು ಪಕ್ಕದ ಸಾಮಾನು ಕೋಣೆಯಲ್ಲಿದ್ದೆ. 1.45ಕ್ಕೆ ತೊಳೆಯಲು ಒಳಗೆ ಹೋದಾಗ ಕಸದ ಬುಟ್ಟಿಯಲ್ಲಿ 25 ಮುಚ್ಚಳಗಳಿದ್ದವು. ಉಳಿದ ಏಳು, ಹಾಕಿದ ಹಾಗೆಯೇ ಬ್ಯುರೆಟ್ ಮೇಲಿದ್ದವು. ಏಳು ಮಂದಿ ಬಂದಿಲ್ಲ ಎಂದುಕೊಂಡೆ. 25ನ್ನು ತೊಳೆದೆ, ಏಳನ್ನು ಮುಚ್ಚಳ ಸಮೇತ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

8ರಂದು ಶುಕ್ರವಾರ 11 ಗಂಟೆಗೆ ಅಂಕಪಟ್ಟಿ ಅಂಟಿಸಿದರು. 32 ಮಂದಿಗೂ ಅಂಕ ಇತ್ತು. ಜ್ವರದಲ್ಲಿ ಮಲಗಿದ್ದ ನನ್ನ ಮಗಳಿಗೆ 50ಕ್ಕೆ 46. ಒಂದೆರಡು ನಿಮಿಷ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಕಪಾಟು ತೆಗೆದು ಆ ಏಳು ಮುಚ್ಚಳಗಳ ನಂಬರ್ ಮತ್ತೊಮ್ಮೆ ನೋಡಿದೆ.

ಅದೇ ದಿನ 4.10ಕ್ಕೆ ಮುಖ್ಯಸ್ಥರು ಕರೆದು ಗಾಜಿನ ಸಾಮಾನಿನ ರಿಜಿಸ್ಟರ್ ಮುಂದಿಟ್ಟರು. 32 ಕೊಟ್ಟಿದೆ, 32 ತೊಳೆದಿದೆ ಎಂದು ಅವರೇ ಬರೆದಿದ್ದರು. ನನ್ನ ಸಹಿಯೊಂದು ಬಾಕಿ ಇತ್ತು. ತೊಳೆದದ್ದು 25 ಮಾತ್ರ ಎಂದೆ. ಅದಕ್ಕೆ ಅವರು, “ಆ ಆರು ಜನ ದೊಡ್ಡವರ ಮನೆ ಮಕ್ಕಳು ಗಾಜಮ್ಮ. ಅವರ ಜೊತೆ ನಿನ್ನ ಮಗಳೂ ದಾಟ್ಕೊಂಡಿದ್ದಾಳೆ. ಅವಳ ವರ್ಷ ಉಳಿಸಿದ್ದೀನಿ. ಸುಮ್ನೆ ಕಣ್ಣು ಮುಚ್ಕೊಂಡು ಸಹಿ ಹಾಕು” ಎಂದರು. ತೊಳೆಯದ್ದನ್ನು ತೊಳೆದೆ ಅಂತ ಒಂದು ದಿನವೂ ಬರೆದವಳಲ್ಲ ಎಂದು ಹೇಳಿ, ಪೆನ್ನು ಮೇಜಿನ ಮೇಲಿಟ್ಟು ಬಂದೆ.

ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನೇ ಯಾರದೋ ಕಾಲು ಹಿಡಿದು ಅಂಕ ಹಾಕಿಸಿದೆನೆಂದು ಅವಳ ಅನುಮಾನ. ಭಾನುವಾರ ನಡೆದದ್ದೆಲ್ಲ ಹೇಳಿದೆ. ಈ ಅಂಕ ಹೋದರೆ ಅವಳ ವರ್ಷವೇ ಹೋಗುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು. 11ರಂದು ಕುಲಸಚಿವರಿಗೆ ದೂರು ಕೊಟ್ಟೆ. ಅವರು ಕಪಾಟಿಗೆ ಮೊಹರು ಹಾಕಿಸಿ ದೂರನ್ನು ಈ ಠಾಣೆಗೆ ಕಳಿಸಿದ್ದಾರೆ.

ಆ ಏಳು ಮುಚ್ಚಳಗಳ ನಂಬರ್: 3, 8, 11, 20, 26, 29 ಮತ್ತು 17. ಆರು ಹೇಳಿದ ಮೇಲೆ ಏಳನೆಯದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಬರೆದುಕೊಳ್ಳುತ್ತಿದ್ದ ಪೇದೆಯವರು ನೀರು ಕುಡೀರಮ್ಮ ಎಂದು ಹೇಳಿ, ಅಲ್ಲಿ ಸ್ವಲ್ಪ ಜಾಗ ಬಿಟ್ಟು ಮುಂದೆ ಬರೆದರು.

ನಾನು ಕನ್ನಡಕ ತಂದಿರದ ಕಾರಣ, ಬರೆದದ್ದನ್ನು ಓದಿ ಹೇಳಲು ಹೊರಗೆ ಬೆಂಚಿನ ಮೇಲಿದ್ದ ಮಗಳನ್ನು ಕರೆದರು. ಅವಳು ಖಾಲಿ ಜಾಗದ ಹತ್ತಿರ ಓದುವುದನ್ನು ನಿಲ್ಲಿಸಿ, “ಅಮ್ಮಾ, ನಂದೆಲ್ಲಿ?” ಎಂದು ಕೇಳಿದಳು. ಅವಳು ಪೇದೆಯವರಿಂದ ಪೆನ್ನು ಇಸಿದುಕೊಂಡಳು.

17 ಎಂಬ ಅಂಕಿ ನನ್ನ ಮಗಳ ಕೈಬರಹ. ಉಳಿದ ಹೇಳಿಕೆ ನನ್ನದು. ಎರಡೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಗುರುವಾರ
ಸಹಿ: (ಗಾಜಮ್ಮ)