ಪಂಚಮಿ ವಾರದ ಎಣಿಕೆ

ಮನ್ಮಾಡ್ ಸ್ಟೇಷನ್ನಿನಲ್ಲಿ ಚಹಾಕ್ಕೆ ಸಾಲು ನಿಂತಿದ್ದೆ. ಮುಂದಿದ್ದ ಇಬ್ಬರೂ ನಾಶಿಕದ ಒಂದು ಸಣ್ಣ ರೈಲ್ವೆ ವಿನ್ಯಾಸ ಕಚೇರಿಯವರೆಂದು ಮಾತಿನಿಂದಲೇ ತಿಳಿಯಿತು. ತರುಣನ ಬಗಲಲ್ಲಿ ನಕ್ಷೆಗಳ ಕೊಳವೆಯಿತ್ತು. ಹೆಂಗಸು ಅವನ ಮೇಲಧಿಕಾರಿ.

“ಅಕ್ಕಾರ, ನಕ್ಷೆದಾಗ ಹಳಿಗುಂಟ ಗೋಡೆ ತೋರಿಸೀವಲ್ರಿ, ಅಲ್ಲೊಂದು ಹಳಿ ದಾಟೂ ಕಾಲ್ದಾರಿ ಐತ್ರಿ.”

“ಅಲ್ಲಿ ಯಾರೂ ದಾಟೂದಿಲ್ಲ ಅಂತ ಮಂದೀನ್ನ ಎಣಿಸಿ ಬರದಾಂವ ನೀನ ಅಲ್ಲೇನೋ ಪರಮೇಶ್ವರಾ?”

“ನಾ ಎಣಿಸಾಕ ಕುಂತಿದ್ದು ಪಂಚಮಿ ವಾರದಾಗ್ರಿ. ಹಳಿ ಬಾಜೂಕಿನ ಗುಡಿಸಲದಾಗ ಇರೂದು ನಮ್ಮ ಯಾದಗಿರಿ ಕಡೆ ಕೂಲಿ ಮಂದಿ. ಹಬ್ಬಕ್ಕ ಎಲ್ಲಾರೂ ಊರಿಗೆ ಹೋಗಿದ್ರು.”

“ಆವಾಗ ನಿನಗ ಗೊತ್ತಿರಲಿಲ್ಲ?”

“ಗೊತ್ತಿತ್ರಿ. ಮತ್ತ ಹೋಗಿ ಬಿಸಿಲಾಗ ಕುಂದ್ರೂದು ಬ್ಯಾಸರಾತು.”

“ಭಲೆ ಶಾಣ್ಯಾ! ಸಂಭಾಜಿನಗರದಾಗ ರೈಲ್ವೆ ಸಾಹೇಬ್ರು ಇವತ್ತ ನಕ್ಷೆಕ್ಕ ಸಹಿ ಮಾಡಾವ್ರು, ಈಗ ಬಾಯಿ ಬಿಡಾಕತ್ತಿ.”

“ನೀರಿನ ನಳ ಹಳಿ ಆಚೀಕ ಐತ್ರಿ. ಗೋಡೆ ಕಟ್ಟಿದ್ರೂ ಹೆಣ್ಮಕ್ಕಳು ಹತ್ತಿ ಇಳೀತಾರ. ಗಾಡಿ ಬರೂದು ಕಾಣೂದಿಲ್ರಿ ಅವರಿಗೆ.”



“ಎಣಿಕೆ ಸುಳ್ಳು ಅಂದ್ರ ಈ ಕೆಲಸ ನಮ್ಮ ಕೈ ಬಿಡತೈತಿ. ಇದೊಂದ ಕೆಲಸದ ಮ್ಯಾಲ ಆಫೀಸು ನಿಂತೈತಿ.”

“ಗೊತ್ತೈತ್ರಿ. ಬೈಯ್ರಿ ಬೇಕಾದ್ರ.”

“ಯಾವ ಬಾಯಿಲೆ ಬೈಲಿ? ಆ ವಾರ ನಾನೂ ಪಂಚಮಿಗೆ ರಜಾ ಹಾಕಿ ವಿಜಯಪುರಕ್ಕ ಹೋಗಿದ್ದೆ. ಬಂದು, ನಿನ್ನ ಎಣಿಕೆ ತಾರೀಖು ನೋಡೇ ಸಹಿ ಮಾಡಿದೆ.”

ಅವನು ಅವಳ ಮುಖ ನೋಡಿದ. ಅಷ್ಟರಲ್ಲಿ ಸಂಭಾಜಿನಗರದ ಗಾಡಿ ಬಂತೆಂದು ಮರಾಠಿಯಲ್ಲಿ ಕೂಗಿದರು.

“ಸಾಹೇಬ್ರಿಗೆ ಯಾರು ಹೇಳೂದ್ರಿ ಅಕ್ಕಾರ?”

“ಮೊದಲ ನಾ ಹೇಳತೀನಿ. ನಡಿ.”

ಇಬ್ಬರೂ ಚಹಾ ಕುಡಿಯದೆ ಸಾಲು ಬಿಟ್ಟು ಹೋದರು.