ಒಂದು ಗೇಣಿನ ಕೆಳಗೆ

...ಅಲ್ಲ ಅಕ್ಕಾ, ಹತ್ತಿ ಗಿಡದ ಬೇರು ಕಿತ್ತು ಕೈಗೆ ಕೊಟ್ಟಾಯ್ತಲ್ಲ, ಇನ್ನಾದರೂ ಏಣಿ ಇಳಿಸು! ಯಾಕೆ ಮೇಲೆ ಎಳ್ಕೊಂಡೆ? ತಮಾಷೆ ಸಾಕು. ಹೊಲದ ನಟ್ಟನಡುವೆ ನನ್ನ ತಲೆ ಮುಚ್ಚೋಷ್ಟು ಗುಂಡಿ ತೋಡಿಸಿದೀಯಾ. ಹತ್ತೋಣ ಅಂದ್ರೆ ಹಾಳಾದ ಜೇಡಿಮಣ್ಣು, ಕಾಲಿಟ್ಟಲ್ಲೆಲ್ಲ ಜಾರುತ್ತೆ...

ನಗ್ತಿದೀಯಾ? ಇಲ್ವಾ. ಸರಿ.

ಹೌದು, ಬೇರು ಸೊಟ್ಟಗಿದೆ. ಒಂದು ಗೇಣು ನೆಟ್ಟಗೆ ಇಳಿದು, ಆಮೇಲೆ ಮೊಣಕೈ ಮಡಚಿದ ಹಾಗೆ ಪಕ್ಕಕ್ಕೆ ಹೊರಳಿದೆ. ಅದಕ್ಕೆ ನಾನೇನು ಮಾಡ್ಲಿ? ಬೀಜ ಸರಿಯಿಲ್ಲ ಅನ್ನು. ಹುಳ ಬಿತ್ತು ಅನ್ನು. ಹತ್ತಿ ಗಿಡಕ್ಕೂ ಒಂದೊಂದು ವರ್ಷ ಮನಸ್ಸು ಬರಲ್ಲ!

ಯಾಕೆ ಹಾಗೆ ನೋಡ್ತೀಯಾ? ಉತ್ತೆ ಅಕ್ಕಾ! ನೀನು ಹೇಳಿದ ಹಾಗೇ, ಮಣ್ಣು ಪೂರ್ತಿ ಒಣಗೋವರೆಗೆ ಕಾದು, ಆ ಉದ್ದ ಹಲ್ಲಿನ ನೇಗಿಲು ಕಟ್ಟಿ... 'ವರ್ಷವರ್ಷ ಮೇಲ್ಮೇಲೆ ಉತ್ತು, ಟ್ರ್ಯಾಕ್ಟರ್ ತುಳಿದು, ಒಂದು ಗೇಣಿನ ಕೆಳಗೆ ಮಣ್ಣು ಹಲಗೆ ಥರ ಗಟ್ಟಿಯಾಗಿದೆ. ಅದನ್ನ ಒಡೆದ್ರೆ ಬೇರು ತೇವಕ್ಕೆ ಇಳಿಯುತ್ತೆ' ಅಂದೆ. ಒಂದೊಂದು ಮಾತೂ ನೆನಪಿದೆ. ನೀನೇ ರಸ್ತೆ ಪಕ್ಕ ನಿಂತು ನೋಡ್ಲಿಲ್ವಾ? ಮೊಳದುದ್ದ ಇಳಿದಿತ್ತು ಹಲ್ಲು! ಹೆಂಟೆ ಎದ್ದಿದ್ದು ನೋಡಿ ಚಪ್ಪಾಳೆ ಹೊಡೆದೆ, ಚಿಕ್ಕ ಹುಡುಗಿ ಥರ...

ಅದೇನು ತೋರಿಸ್ತಿದೀಯಾ? ಹಾಂ... ರಸ್ತೆ ಪಕ್ಕದ ಸಾಲಿಂದ ಕಿತ್ತ ಗಿಡ. ಎದೆಯೆತ್ತರ. ಬೇರು ನೆಟ್ಟಗೆ... ಎರಡು ಗೇಣು... ಇನ್ನೂ ಜಾಸ್ತಿ. ಕಾಯಿ ಎಣಿಸಬೇಡ, ಬಿಡು.

ಅಂಥವು ಮೂರೇ ಸಾಲು. ಉಳಿದದ್ದೆಲ್ಲ ಮೊಣಕಾಲೆತ್ತರ. ನನಗೆ ಕಣ್ಣಿಲ್ವಾ?

ನೀನು ಕುಡಿಯೋ ನೀರು ತರೋಕೆ ಮನೆಗೆ ಹೋದೆ ನೋಡು... ಆಗ ನಾನು ನೇಗಿಲು ಎತ್ತಿದೆ. ಸ್ವಲ್ಪ. ಸ್ವಲ್ಪವೇ ಸ್ವಲ್ಪ... ಇಲ್ಲ, ಒಂದು ಗೇಣಿಗೆ ತಂದೆ. ಹೇಳಿಬಿಟ್ಟೆ, ಆಯ್ತಾ? ಸೋಮಾರಿತನ! ಆ ಬಿಸಿಲಲ್ಲಿ ಬೇಗ ಮುಗಿಸೋಣ ಅಂತ. ಈಗ ಏಣಿ ಇಳಿಸು.

ಇಳಿಸಲ್ವಾ? ಸೋಮಾರಿಗೆ ಕಣ್ಣಲ್ಲಿ ಯಾಕೆ ನೀರು ಬರುತ್ತೆ ಅಂತ ನೋಡ್ತಿದೀಯಾ?

ನನಗೆ ನಾಚಿಕೆ ಅಕ್ಕಾ. ಭಾವ ಊಟಕ್ಕೆ ಕೂತಾಗೆಲ್ಲ ಆಡಿಕೊಂಡ್ರು. 'ನಿನ್ನಕ್ಕನ ಬುದ್ಧಿ ಮೊಣಕಾಲವರೆಗೇ ಬೆಳೀತು ಕಣೋ' ಅಂತ. ನೀನು ತಲೆ ತಗ್ಗಿಸಿ ಬಡಿಸ್ತಿದ್ದೆ. ಬೆಳೆ ಕೈಕೊಟ್ರೆ ಇನ್ನು ಹೊಲದ ಮಾತೇ ಎತ್ತಲ್ಲ ಅಂತ ನೀನು ಅವರಿಗೆ ಮಾತು ಬೇರೆ ಕೊಟ್ಟಿದ್ದೆ...

ಮಾತಾಡೇ! ಬೈಯಿ, ಆ ಬೇರಲ್ಲೇ ಹೊಡಿ.

ಟ್ರ್ಯಾಕ್ಟರ್ ಅವರದು. ಕೀ ಅವರ ಜೇಬಲ್ಲಿ. ನಾನು ಮಲಗೋ ಕೋಣೆನೂ ಅವರದೇ. ನಾನೇನು ಮಾಡ್ಲಿ, ಎಲ್ಲಿಗೆ ಹೋಗ್ಲಿ? ಉಳೋ ದಿನ ಬೆಳಿಗ್ಗೆ ಕೀ ಕೈಗಿಟ್ಟು...

ತಲೆ ಆಡಿಸ್ತಿದೀಯಾ? ನಿನಗೆ ಗೊತ್ತಿತ್ತಾ? ಅಕ್ಕಾ... ಮೊದಲೇ ಗೊತ್ತಿತ್ತಾ?

'ಅವಳ ಕಣ್ಮುಂದೆ ಮೂರು ಸಾಲು ಆಳಕ್ಕೆ ಉಳು. ಅವಳು ಆಚೆ ಹೋದ್ಮೇಲೆ ಎತ್ತಿಬಿಡು' ಅಂದ್ರು ಭಾವ.

ಅಯ್ಯೋ, ಯಾರ ಚಪ್ಪಲಿ ಸದ್ದು ಅದು? ಭಾವನ್ನ ಕರೆಸಿದೀಯಾ? ಇಷ್ಟೂ ಕೇಳಿಸ್ಕೊಂಡ್ರಾ? ಸದ್ಯ, ಏಣಿ ಇಳಿಸಿದೆ! ಇರು, ಬಂದೆ... ಯಾಕೆ ಕೈ ಅಡ್ಡ ಹಿಡಿದೆ? ಗುಂಡಿ ಗೋಡೆಯ ಆ ಹಲಗೆ ಮಣ್ಣನ್ನ ಯಾಕೆ ತೋರಿಸ್ತೀಯಾ? ಏಣಿ ನಾನು ಹತ್ತೋಕಲ್ವಾ?

ಅವರು ಇಳಿಯೋಕಾ?