ಇಪ್ಪತ್ತೊಂದನೆಯ ಸಾಲು

ಅಧ್ಯಕ್ಷರಾದ ಅನಂತಪದ್ಮನಾಭ ಅವರೇ, ಸನ್ಮಾನಕ್ಕೆ ಕಾದಿರುವ ಇಪ್ಪತ್ತು ಮಂದಿ ಹಿರಿಯ ಕಲಾವಿದರೇ, ಕುಂಬಾರಕೊಪ್ಪಲು, ಹಿನಕಲ್‌ಗಳಿಂದ ಬಂದು ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಸಭಿಕರೇ!

ಈ ಗಂಟಲು ಮೈಕಿಲ್ಲದೆ ಕೊನೆಯ ಬೆಂಚು ಮುಟ್ಟಿದ್ದುಂಟು. ಇಂದು ಮೈಕಿದ್ದೂ ತಡವರಿಸುತ್ತಿದೆ. ಏಕೆ?

ನಮ್ಮ ಸಂಘ ಇನ್ನೂರು ಹಿರಿಯರ ನೆನಪುಗಳನ್ನು ಬರೆದುಕೊಂಡು ಕಂಪ್ಯೂಟರಿಗೆ ಸೇರಿಸಿತು. ಪದ ಕೊಟ್ಟರೆ ಬರಹವನ್ನೆಲ್ಲ ಜಾಲಾಡುವ ಸರ್ಚ್ ಎಂಜಿನ್ ಒಂದನ್ನು ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ನಮ್ಮ ಲಹರಿ ಕೂರಿಸಿದಳು. "ಹೊಸದೇನೂ ಕಲೀಬೇಡಿ ಸರ್, ಡೇಟಾಬೇಸಿಗೆ ಪ್ರಶ್ನೆ ಕೇಳೋ ನಿಮ್ಮ ಹಳೇ ಎಸ್‌ಕ್ಯೂಎಲ್ ಪ್ರೋಗ್ರಾಮಿಂದಾನೇ ಇದನ್ನೂ ಕೇಳ್ಬಹುದು" ಎಂದಳು. ಮೂವತ್ತು ವರ್ಷ ಡೇಟಾಬೇಸಿನ ಮುಂದೆ ಕೂತು ನಿವೃತ್ತನಾದ ಮಹದೇವು ನಾನು! ಸನ್ಮಾನಕ್ಕೆ ನಾಟಕದವರನ್ನು ಹುಡುಕಲು ಸೆಲೆಕ್ಟ್ ಎಂದೆ, ಮ್ಯಾಚ್ 'ನಾಟಕ' ಎಂದೆ, ಎಂಟರ್ ಒತ್ತಿದೆ. ಬಂದವು ಇಪ್ಪತ್ತು ಹೆಸರು! "ದುಂಡು ಸಂಖ್ಯೆ ಕಣ್ರೀ, ಇಪ್ಪತ್ತು ಶಾಲು ತರಿಸಿ" ಎಂದರು ಅಧ್ಯಕ್ಷರು. ಆಹ್ವಾನಪತ್ರಿಕೆ ಅಚ್ಚಾಯಿತು.

ಇಂದು ಬೆಳಿಗ್ಗೆ ಲಹರಿ ಕೇಳಿದಳು: "ಎಷ್ಟು ಸಾಲು ಬೇಕು ಅಂತ ಲಿಮಿಟ್ ಕೊಟ್ರಾ ಸರ್? ಕೊಡ್ದಿದ್ರೆ ಅದು ಇಪ್ಪತ್ತಕ್ಕೇ ನಿಲ್ಸುತ್ತೆ." ನನ್ನ ಹಳೆಯ ಡೇಟಾಬೇಸು ಕೇಳಿದರೆ ಇದ್ದದ್ದನ್ನೆಲ್ಲ ಸುರಿಯುತ್ತಿತ್ತು. ಇದೋ, ಆ ಪದವನ್ನು ಹೆಚ್ಚು ಸಲ ಆಡಿದವರನ್ನು ಮುಂದೆ ನಿಲ್ಲಿಸಿ, ಇಪ್ಪತ್ತಾದೊಡನೆ ಬಾಗಿಲು ಹಾಕುತ್ತದೆ! ಲಿಮಿಟ್ ನೂರು ಎಂದೆ. ಇಪ್ಪತ್ತೊಂದು ಸಾಲು ಬಂತು. ಕೊನೆಯ ಹೆಸರು ನೀಲಮ್ಮ.

'ನಾಟಕ' ಎಂಬ ಮಾತು ಅವರ ನೆನಪಿನಲ್ಲಿ ಒಂದೇ ಸಲ. ಮಿಕ್ಕದ್ದೆಲ್ಲ ಯಾರು ಎಲ್ಲಿ ತಡವರಿಸಿದರು, ಯಾರಿಗೆ ಗಂಟಲು ಕಟ್ಟಿತ್ತು ಎಂಬುದೇ. ಸೈಡ್‌ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಪರದೆಯ ಮರೆಯಲ್ಲಿ, ನಿಂತು ನಟರಿಗೆ ಮಾತು ಹೇಳಿಕೊಡುತ್ತಿದ್ದವರು ಅವರು. ಒಂಬತ್ತು ವರ್ಷದ ನಾನು ರಾಜಕುಮಾರನ ವೇಷದಲ್ಲಿ ಮಾತು ಮರೆತು, ಚಡ್ಡಿ ಒದ್ದೆಯಾಗಿ... ಇದನ್ನು ಹೇಳಬಾರದಿತ್ತು, ಇರಲಿ. "ತಂದೆಯೇ ಅನ್ನು ಕಣ್ಲಾ, ತಂದೆಯೇ!" ಎಂದು ಪಿಸುಗುಟ್ಟಿದವರು ಯಾರು? ಚಪ್ಪಾಳೆ ಬಿದ್ದದ್ದು ಯಾರಿಗೆ? ನನಗೆ!

ಮಧ್ಯಾಹ್ನ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ಇರ್ಲಿ ಬುಡು ಮಾದೇವು, ನಾನೇನ್ ಬಣ್ಣ ಹಚ್ಚಿದೋಳಾ? ನೋಡೋಕೆ ಬತ್ತೀನಿ" ಎಂದರು. ಬಂದಿದ್ದಾರೆ. ಅಗೋ, ಆ ಕಂಬದ ಮರೆಯಲ್ಲಿ. ಇಲ್ಲೂ ಒಂದು ಸೈಡ್‌ವಿಂಗ್ ಹುಡುಕಿಕೊಂಡಿದ್ದಾರೆ!

ಬರೆದುಕೊಂಡು ಬಂದ ಭಾಷಣ ಜೇಬಿನಲ್ಲಿದೆ. ಅದರಲ್ಲಿ ಇಪ್ಪತ್ತೇ ಹೆಸರಿವೆ, ಅದನ್ನು ಓದಲಾರೆ. ಮುಂದಿನ ಮಾತು ತೋಚುತ್ತಿಲ್ಲ. ಇದು ಅಭಿನಯವಲ್ಲ. ನೀಲಮ್ಮನವರೇ, ಮೇಲೆ ಬನ್ನಿ. ಹೇಳಿಕೊಡಿ. ಈ ಸಲ ಪಿಸುಮಾತಿನಲ್ಲಲ್ಲ, ಮೈಕಿನಲ್ಲಿ.

ಅವರ ಮಂಡಿ ನೋಯುತ್ತದೆ, ಮೆಟ್ಟಿಲು ಹತ್ತಲು ಹೊತ್ತಾಗುತ್ತದೆ. ಅಲ್ಲಿಯವರೆಗೂ ಕಾಯುವ ನಿಮಗೆಲ್ಲ ಧನ್ಯವಾದ. ನಮಸ್ಕಾರ ಮಾತ್ರ ಅವರಿಗೆ.